ಎರಡನೇ ಡಿಸ್ಕ್ ಇಲ್ಲದ ಸಿನಿಮಾಗಳು

ಕೆಲವರ ಮನೆಯಲ್ಲಿ ಕಾಯಿಲೆ ಬಂದರೆ ಔಷಧಿ ಬರುತ್ತೆ, ಹಣ್ಣು ಬರುತ್ತೆ, ನೆಂಟರು ಬರುತ್ತಾರೆ. ನಮ್ಮ ಮನೆಗೆ ಬಂದದ್ದು ಸಿನಿಮಾ. ನಾವು ಅಚ್ಚುಕಟ್ಟಾಗಿ ಮಾಡೋಣ ಅಂತ ಹೊರಟ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ ಬಿಡಿ. ಆ ಒಂದು ವರ್ಷವಂತೂ ನೆನೆಸಿಕೊಂಡರೆ ಈಗ ನಗು ಬರುತ್ತೆ. ಆಗ ನನ್ನ ಜೀವ ಬಾಯಿಗೆ ಬಂದಿತ್ತು.

೧. ಚೀಟಿಯಲ್ಲಿ ಬರೆಯದ ಔಷಧಿ

ನಮ್ಮನೆಯವರು ಹೊಳೆನರಸೀಪುರದಲ್ಲಿ ಪುರೋಹಿತರು. ನಾಮಕರಣದಿಂದ ಹಿಡಿದು ವೈಕುಂಠ ಸಮಾರಾಧನೆಯ ತನಕ ಎಲ್ಲವನ್ನೂ ಮಾಡಿಸುವವರು. ಒಂದು ದಿನ ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ, ಹೋಮದ ಮುಂದೆ ಕೂತವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರಂತೆ. ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಲ್ಲಾ ನೋಡಿ, "ಒಂದು ವರ್ಷ ಹೊಗೆ ಬೇಡ, ಓಡಾಟ ಬೇಡ, ಕೂಗಾಟ ಬೇಡ. ಮುಖ್ಯವಾಗಿ ಮನಸ್ಸಿಗೆ ಆಘಾತ ಆಗೋ ಹಾಗೆ ಏನೂ ನಡೀಬಾರದು" ಅಂದರು.

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಮೊದಲೇ ಪುಕ್ಕಲು ಜೀವ. ಕುಕ್ಕರು ಕೂಗಿದರೆ ಬೆಚ್ಚಿಬೀಳುವವಳು. ಇವರಿಗೆ ಏನಾದರೂ ಆದರೆ ನಾನು ಉಳಿಯುವುದಿಲ್ಲ ಅಂತ ಅವತ್ತೇ ಗೊತ್ತಾಗಿಹೋಗಿತ್ತು.

ಮನೆಯಲ್ಲಿ ಕೂತ ಇವರು ಸುಮ್ಮನಿರಬೇಕಲ್ಲ? ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಪಂಚಾಂಗ ಓದಿ ಹೇಳಲು ಶುರು ಮಾಡಿದರು. ಅದು ನೋಡಿ ನನ್ನ ತಮ್ಮ ಹಾಸನದಿಂದ ಒಂದು ಟೀವಿ, ಒಂದು ವಿಸಿಡಿ ಪ್ಲೇಯರ್ ತಂದಿಟ್ಟ. ಆಗ ಅದು ಹೊಸದು, ಒಬ್ಬೊಬ್ಬರ ಮನೆಗೂ ಬರುತ್ತಿದ್ದ ಕಾಲ. "ಭಾವ ಸಿನಿಮಾ ನೋಡ್ಕೊಂಡು ಆರಾಮಾಗಿರಲಿ ಕಣೇ" ಅಂದ. ಇವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ರಾಹುಕಾಲ ಕಳೆಯುವ ತನಕ ಸ್ವಿಚ್ ಹಾಕಲು ಬಿಡಲಿಲ್ಲ. ಸಿನಿಮಾ ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು.

೨. ಸಿನಿಮಾ ಅಂಗಡಿ

ಬಸ್ ಸ್ಟ್ಯಾಂಡಿನ ಹತ್ತಿರ ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿ. ನಾನೇ ಹೋದೆ. ಅಂಗಡಿಯವನು ಒಳ್ಳೆಯವನೇ, ಮಾತು ಜಾಸ್ತಿ.

"ಎಂಥಾ ಸಿನಿಮಾ ಬೇಕಕ್ಕಾ?"

"ಯಾರೂ ಸಾಯಬಾರದಪ್ಪ."

"ಅದ್ಕೇನು, ಫೈಟಿಂಗ್ ಇರೋದು ಕೊಡ್ಲಾ? ಹೀರೋ ಸಾಯಾಕಿಲ್ಲ."

"ಅಯ್ಯೋ ಫೈಟಿಂಗ್ ಬೇಡ. ಜಗಳ ಇರಬಾರದು. ಯಾರೂ ಅಳಬಾರದು. ಯಾರಿಗೂ ಕಾಯಿಲೆ ಬರಬಾರದು. ಹೊಗೆ, ಬೆಂಕಿ ಬೇಡ. ಗಂಡ ಹೆಂಡತಿ ಬೇರೆ ಆಗಬಾರದು. ಹಾವು ಬರೋದು ಬೇಡವೇ ಬೇಡ."

ಅವನು ಕಪಾಟನ್ನು ಮೇಲಿಂದ ಕೆಳಗೆ ನೋಡಿದ. ತಲೆ ಕೆರೆದುಕೊಂಡ. ಒಂದು ಖಾಲಿ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟು, "ಅಂಗಾದ್ರೆ ಇದ್ನ ತಗೊಂಡೋಗಿ ಅಕ್ಕಾ. ಡಿಸ್ಕ್ ಆಕ್ಬ್ಯಾಡಿ, ಬರೀ ಮ್ಯಾಲಿನ್ ಚಿತ್ರ ತೋರ್ಸಿ" ಅಂದ.

೩. ಅರ್ಧಕ್ಕೇ ಮಂಗಳ

ಉಪಾಯ ನನಗೆ ತಾನಾಗಿಯೇ ಹೊಳೆಯಿತು. ಒಂದೊಂದು ಸಿನಿಮಾಕ್ಕೂ ಎರಡು ಡಿಸ್ಕ್. ಮೊದಲನೆಯದರಲ್ಲಿ ಹಾಡು, ಹಬ್ಬ, ಹುಡುಗಾಟ. ಸಾವು ನೋವೆಲ್ಲ ಬರುವುದು ಇಂಟರ್ವಲ್ ಆದಮೇಲೆ, ಅಂದರೆ ಎರಡನೆಯದರಲ್ಲಿ. ನಮ್ಮನೆಯವರು ಥಿಯೇಟರಿನ ಕಡೆ ತಲೆ ಹಾಕಿದವರಲ್ಲ. ಅವರಿಗೆ ಒಂದು ಡಿಸ್ಕ್ ಏನು, ಎರಡೇನು?

ಮಧ್ಯಾಹ್ನ ಅವರು ಕೋಣೆಯಲ್ಲಿ ಮಲಗಿದಾಗ ಸೌಂಡ್ ಪೂರ್ತಿ ಬಂದ್ ಮಾಡಿ ಎರಡನ್ನೂ ನಾನು ನೋಡುವುದು. ಅಳಬೇಕಾದ್ದನ್ನು ನಾನೇ ಅತ್ತು ಮುಗಿಸುವುದು. ಎರಡನೆಯದನ್ನು ಹುರಿಗಡಲೆ ಡಬ್ಬದ ಹಿಂದೆ ಇಟ್ಟು, ಸಂಜೆ ದೀಪ ಹಚ್ಚುವ ಮೊದಲು ಬರೀ ಮೊದಲನೆಯದನ್ನು ಹಾಕುವುದು. ಕೊನೆಯಲ್ಲಿ "ಮುಗೀತು" ಅಂತ ಹೇಳಿ ಆರಿಸುವುದು.

ಅವರಿಗೆ ತುಂಬಾ ಇಷ್ಟವಾದದ್ದು ಒಬ್ಬ ವಿಧವೆ ತಾಯಿ ಇಡ್ಲಿ ಮಾರಿ ಮಕ್ಕಳನ್ನು ಸಾಕುವ ಸಿನಿಮಾ. ಇಂಟರ್ವಲ್ಲಿನ ಹೊತ್ತಿಗೆ ದೊಡ್ಡ ಮಗನಿಗೆ ಕೆಲಸ ಸಿಕ್ಕಿ, ಅವನು ತಾಯಿಯ ಕಾಲಿಗೆ ಬೀಳುತ್ತಾನೆ. ಟಪ್ ಅಂತ ಆರಿಸಿದೆ.

"ಎಷ್ಟು ಚೆನ್ನಾಗಿದೆಯಲ್ಲೇ!" ಅಂದರು. "ಹೇಳಬೇಕಾದ್ದು ಹೇಳಿದ್ರು, ಎದ್ದು ಹೋದ್ರು. ನಮ್ಮ ಹರಿಕಥೆಯವರು ಇದನ್ನ ನೋಡಿ ಕಲೀಬೇಕು."

ಸಿನಿಮಾ ನಡೆಯುವಷ್ಟು ಹೊತ್ತೂ ಅವರ ಮಣಿಕಟ್ಟು ನನ್ನ ಕೈಯಲ್ಲೇ. ನನಗೆ ನಾಡಿ ನೋಡಲು ಬರುವುದಿಲ್ಲ, ಆದರೂ ಅದು ಬಡಿದುಕೊಳ್ಳುತ್ತಿದೆ ಅನ್ನುವುದು ಗೊತ್ತಾದರೆ ಸಾಕಿತ್ತು. ಒಂದು ದಿನ ಅವರೇ ಬೇಸತ್ತು, "ಪಾಣಿಗ್ರಹಣ ಆಗಿ ಇಷ್ಟು ವರ್ಷ ಆಯ್ತಲ್ಲೇ, ಇನ್ನಾದರೂ ಕೈ ಬಿಡು. ಮೂಗು ಕೆರೀತಿದೆ" ಅಂದರು.

೪. ಆಗದ ಮದುವೆ

ಒಂದು ಅಪಾಯ ನನಗೆ ಹೊಳೆದಿರಲಿಲ್ಲ. ಸೌಂಡ್ ತೆಗೆದು ನೋಡಿದರೆ ಮಂತ್ರ ಕೇಳಿಸುವುದಿಲ್ಲ.

ಬಹಳ ಸೌಮ್ಯವಾದ ಸಿನಿಮಾ ಅದು. ಹುಡುಗ, ಹುಡುಗಿ, ಎರಡೂ ಕಡೆಯವರ ಒಪ್ಪಿಗೆ, ದೊಡ್ಡ ಮಂಟಪ, ಮದುವೆ. ನಿಶ್ಚಿಂತೆಯಿಂದ ಹಾಕಿದೆ. ಮಂಟಪದಲ್ಲಿ ಪುರೋಹಿತರ ವೇಷದವನು ಬಾಯಿ ತೆರೆದದ್ದೇ ತಡ, ಇವರು ಚಾಪೆಯಿಂದ ಎದ್ದು ನಿಂತರು. ಮುಖ ಕೆಂಪಾಗಿದೆ.

"ಅಯ್ಯೋ ಅಯೋಗ್ಯ! ಅದು ಪಿಂಡ ಇಡೋ ಮಂತ್ರ ಕಣೋ! ತಾಳಿ ಕಟ್ಟೋವಾಗ ಹೇಳ್ತಾ ಇದೀಯಲ್ಲೋ!"

ಅವರ ತೋಳು ಹಿಡಿದು ಜಗ್ಗಿದೆ. "ರೀ, ಕೂತ್ಕೊಳ್ಳಿ, ಡಾಕ್ಟರು ಏನು ಹೇಳಿದ್ದಾರೆ? ಅದು ಸುಮ್ಮನೆ ನಾಟಕಾರೀ."

"ನಾಟಕವಾದ್ರೆ? ಅಗ್ನಿ ಎಲ್ಲಿ? ಸಪ್ತಪದಿ ಎಲ್ಲಿ? ಆ ಹೆಣ್ಣಿನ ಅಪ್ಪನಾದ್ರೂ ಕೇಳಬಾರದೇ?"

ನೀರು ಕೊಟ್ಟೆ, ಮಾತ್ರೆ ಕೊಟ್ಟೆ, ಬೀಸಣಿಗೆ ಹಿಡಿದೆ. ನಿಧಾನವಾಗಿ ಕೂತರು. ಆದರೆ ಆ ಮದುವೆ ಆಗಿದೆ ಅಂತ ಮಾತ್ರ ಒಪ್ಪಲಿಲ್ಲ. ಮುಂದಿನ ದೃಶ್ಯದಲ್ಲಿ ಗಂಡ ಹೆಂಡತಿ ಊಟಿಯ ತೋಟದಲ್ಲಿ ಕೈ ಕೈ ಹಿಡಿದು ಹಾಡಲು ಶುರು ಮಾಡಿದರೆ, ಇವರು ಟೀವಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತರು.

"ಯಾಕ್ರೀ?"

"ಮದುವೆ ಆಗದೇ ಇರೋರು ಹಾಗೆಲ್ಲಾ ಓಡಾಡೋದು ನೋಡಬಾರದು."

ಆಮೇಲೆ ಅವಳಿಗೆ ಸೀಮಂತ ಮಾಡಿದರು. ಗೋಡೆಯ ಕಡೆಯಿಂದಲೇ ಧ್ವನಿ ಬಂತು: "ನನ್ನನ್ನಂತೂ ಕರೀಬೇಡಿ, ನಾನು ಬರಲ್ಲ."

೫. ಭಕ್ತಿ ಚಿತ್ರ

ಸೌಂಡ್ ಇಲ್ಲದೆ ನೋಡಿ ಮೋಸಹೋದದ್ದು ಇನ್ನೊಂದಿದೆ. ಬಿಳಿ ಸೀರೆಯ ಹೆಂಗಸು. ಹಣೆಯಲ್ಲಿ ದೊಡ್ಡ ಕುಂಕುಮ. ಕೈಯಲ್ಲಿ ದೀಪ ಹಿಡಿದು ಹಳೇ ಬಂಗಲೆಯಲ್ಲಿ ಸಾವಕಾಶವಾಗಿ ನಡೆದುಹೋಗುತ್ತಾಳೆ. ಪಾಪ, ಯಾರೋ ದೈವಭಕ್ತೆ ಅಂದುಕೊಂಡೆ. ಅಷ್ಟರಲ್ಲಿ ಹಾಲಿನವನು ಬಂದ, ಮುಂದಕ್ಕೆ ನೋಡಲಿಲ್ಲ.

ಸಂಜೆ ಸೌಂಡ್ ಕೊಟ್ಟು ಹಾಕಿದರೆ, ಅದು ದೆವ್ವ! ಕಿಟಾರನೆ ಕಿರುಚಿತು. ನಾನು ಅದಕ್ಕಿಂತ ಜೋರಾಗಿ ಕಿರುಚಿದೆ. ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ನನ್ನ ತಲೆ ಇವರ ತೊಡೆಯ ಮೇಲೆ. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ನನ್ನ ಹಣೆಗೆ ವಿಭೂತಿ ಹಚ್ಚುತ್ತಿದ್ದಾರೆ. ಟೀವಿ ಓಡುತ್ತಲೇ ಇದೆ.

"ನಿಮಗೇನಾದ್ರೂ ಆಯ್ತೇನ್ರೀ? ಎದೆ?" ಅಂದೆ, ಎದ್ದು ಕೂರುತ್ತಾ.

"ನನಗೇನಾಗುತ್ತೆ? ಸುಮ್ಮನೆ ಮಲಕ್ಕೋ. ಪಾಪ, ಆ ದೆವ್ವಾನೇ ನಿನ್ನ ಕೂಗು ಕೇಳಿ ಮತ್ತೆ ಈ ಕಡೆ ಬರ್ಲಿಲ್ಲ."

೬. ಗೌಡರು ಕೊಟ್ಟ ತೀರ್ಪು

ಕಾಯಿಲೆಯವರನ್ನು ನೋಡಲು ಬರುವವರದು ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತೆ. ಅದೇ ಕಾಯಿಲೆ ಬಂದು ಸತ್ತವರ ಕಥೆಯನ್ನೆಲ್ಲ ಹೇಳಿ ಹೋಗುವುದು. ಅಂಥವರು ಬಂದರೆ ನಾನು ತಕ್ಷಣ ಟೀವಿ ಹಾಕಿಬಿಡುತ್ತಿದ್ದೆ.

ಕೊಣನೂರಿನ ಕಡೆಯ ಗೌಡರೊಬ್ಬರು ಬಂದರು. ಅವರ ಮನೆಯ ಮದುವೆ ಮುಂಜಿಗೆಲ್ಲ ಇವರೇ ಪುರೋಹಿತರು. ಊರಿನ ಪಂಚಾಯ್ತಿ ತೀರ್ಮಾನ ಮಾಡುವ ಹಿರಿಯರು, ಒಳ್ಳೆಯವರು. ಅವರೆಕಾಯಿಯ ಚೀಲ ಇಳಿಸಿ, ಕೂತವರೇ ಶುರು ಮಾಡಿದರು: "ಜೋಯಿಸ್ರೇ, ನಮ್ ಬಾವನ್ಗೂ ಇಂಗೇಯ ಎದೆ ನೋವು ಅಂತ ಬಂತು..."

ಓಡಿಬಂದು ಡಿಸ್ಕ್ ಹಾಕಿದೆ. ಅಣ್ಣ ತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ಸಿನಿಮಾ. ಗೌಡರು ಭಾವನನ್ನು ಅಲ್ಲಿಗೇ ಬಿಟ್ಟು ಸಿನಿಮಾದೊಳಗೆ ಇಳಿದುಬಿಟ್ಟರು. ಹಿರಿಯಣ್ಣ ತಮ್ಮನ ಪಾಲು ನುಂಗಲು ಹೊರಟರೆ, "ಬುಡ್ಬ್ಯಾಡ ಕಣ್ಲಾ, ಪತ್ರ ತೋರ್ಸು ಅನ್ಲಾ!" ಅಂತ ಕೂಗುತ್ತಾರೆ. ನಾನು ಇವರ ಮಣಿಕಟ್ಟು ಹಿಡಿದು ಕೂತಿದ್ದೇನೆ. ಆ ಸಿನಿಮಾದಲ್ಲಿ ತಮ್ಮ ಹೊಲದ ಬದುವಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಮೊದಲ ಡಿಸ್ಕ್ ಮುಗಿಯಿತು.

"ಮುಗೀತು" ಅಂದೆ.

"ಮುಗೀತಾ?" ಗೌಡರು ಮೇಲೆದ್ದರು. "ನ್ಯಾಯ ಆಗ್ನಿಲ್ವಲ್ಲ ಅವ್ವಾ? ಆ ಉಡ್ಗನ್ನ ನಡು ಹೊಲದಾಗೆ ಬುಟ್ಟು ಓಗದಾ? ನಾನು ಇವತ್ತು ಇಲ್ಲೇ ಮನೀಕತೀನಿ. ತೀರ್ಮಾನ ಆಗಗಂಟ ಓಗಾಕಿಲ್ಲ."

ಕೈಕಾಲು ತೊಳೆಯಲು ನೀರು ಕೊಡುತ್ತೇನೆ ಅಂತ ಹಿತ್ತಲಿಗೆ ಕರೆದು ವಿಷಯ ಹೇಳಿದೆ. ಎರಡನೆಯದರಲ್ಲಿ ಸಾವು ಇದೆ, ಇವರು ನೋಡಬಾರದು ಅಂತ. ಹೇಳುವಾಗ ಅಳುವೇ ಬಂದುಬಿಟ್ಟಿತು. ಗೌಡರಿಗೆ ಕನಿಕರವಾಯಿತು. "ನೀನು ಯೋಚ್ನೆ ಮಾಡ್ಬ್ಯಾಡ ತಾಯಿ, ನಾನು ನೋಡ್ಕತೀನಿ" ಅಂತ ಒಳಗೆ ಬಂದು ಕೂತರು.

"ಜೋಯಿಸ್ರೇ, ಮುಂದ್ಲದು ನಂಗೆ ಗೊತ್ತದೆ. ಊರೋರೆಲ್ಲ ಸೇರಿ ಪಂಚಾಯ್ತಿ ಮಾಡಿದ್ರು. ಅಣ್ಣಂಗೆ ಬುದ್ಧಿ ಬಂತು. ತ್ವಾಟ ತಮ್ಮಂಗೆ, ಗದ್ದೆ ಅಣ್ಣಂಗೆ, ಬಾವಿ ಇಬ್ರಿಗೂವೆ. ಕಡೀಗೆ ಎಲ್ರೂ ಒಟ್ಟಿಗೆ ಕುಂತ್ಕಂಡು ಅವರೆಕಾಳು ಸಾರಲ್ಲಿ ಮುದ್ದೆ ಉಂಡ್ರು."

"ಭೇಷ್!" ಅಂದರು ಇವರು. "ಈ ವರ್ಷ ನೋಡಿದ್ದರಲ್ಲೆಲ್ಲ ಇದೇ ಮೇಲು."

ನಾನು ಮನಸ್ಸಿನಲ್ಲೇ ಗೌಡರಿಗೆ ಕೈ ಮುಗಿದು ಕಾಫಿಗೆ ಹಾಲು ಇಟ್ಟೆ. ಗೌಡರು ತೃಪ್ತಿಯಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅಂದರು: "ನಮ್ ಬಾವನ್ದೂ ಇಂಗೇ ಸುಖವಾಗಿ ಮುಗಿದಿದ್ರೆ ಚೆಂದಾಗಿರದು ಸ್ವಾಮಿ. ಎಲ್ಲಿ? ಮೂರ್ನೇ ದಿನುಕ್ಕೇ ಓಗ್ಬುಟ್ರು."

೭. ಹಾಸನದ ಡಾಕ್ಟರು

ವರ್ಷ ಕಳೆಯಿತು. ಪರೀಕ್ಷೆಗೆ ಹಾಸನಕ್ಕೆ ಹೋದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಡಾಕ್ಟರು ಏನು ಹೇಳುತ್ತಾರೋ, ಇಷ್ಟು ಕಾದದ್ದು ಸಾಲದು ಅಂದರೆ ಏನು ಗತಿ?

ಡಾಕ್ಟರು ಇವರ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿದರು. "ಹೊತ್ತು ಹೇಗೆ ಕಳೆದ್ರಿ ಜೋಯಿಸ್ರೇ?"

"ಸಿನಿಮಾ ನೋಡ್ಕೊಂಡಿದ್ದೆ."

ಡಾಕ್ಟರ ಮುಖ ಅರಳಿತು. ಅವರಿಗೆ ಸಿನಿಮಾ ಹುಚ್ಚು ಅಂತ ನನಗೇನು ಗೊತ್ತು? "ಹೌದಾ! ಯಾವುದು ಇಷ್ಟ ಆಯ್ತು?"

"ಒಬ್ಬ ತಾಯಿ ಇಡ್ಲಿ ಮಾರಿ ಮಕ್ಕಳನ್ನ..."

"ಓ ಅದಾ! ಆ ತಾಯಿ ಆಸ್ಪತ್ರೆ ಬಾಗಿಲಲ್ಲಿ ಪ್ರಾಣ ಬಿಡ್ತಾಳಲ್ಲ, ನಾನು ಡಾಕ್ಟರಾಗಿಯೂ ಅತ್ತುಬಿಟ್ಟೆ ಕಣ್ರೀ!"

ನಾನು ಹಿಂದಿನಿಂದ ಎರಡೂ ಕೈ ಬೀಸಿದೆ. ಬಾಯಿಗೆ ಬೆರಳಿಟ್ಟೆ. ಸೆಖೆ ಅಂದುಕೊಂಡು ಡಾಕ್ಟರು ಫ್ಯಾನು ಜೋರು ಮಾಡಿದರು.

"ಇನ್ನೊಂದು, ಅಣ್ಣ ತಮ್ಮಂದಿರ ಪಾಲಿನ ಕಥೆ" ಅಂದರು ಇವರು.

"ಅಯ್ಯಯ್ಯೋ, ಅದರಲ್ಲಿ ಕೊನೆಗೆ ಒಬ್ಬನೂ ಉಳಿಯಲ್ಲ!"

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಒಂದು ವರ್ಷ ಕಾಪಾಡಿದ ಎದೆಯನ್ನು ಈ ಮನುಷ್ಯ ತನ್ನ ಕುರ್ಚಿಯಲ್ಲಿ ಕೂತೇ ಒಡೆದುಹಾಕಿದನಲ್ಲ ಅಂತ ಕಣ್ಣಲ್ಲಿ ನೀರು ಬಂತು. ಆದರೆ ಬಿ.ಪಿ. ಯಂತ್ರ ನೋಡಿದ ಡಾಕ್ಟರು, "ಬಹಳ ಚೆನ್ನಾಗಿದೆ" ಅಂದರು. ಇವರು ನಗುತ್ತಿದ್ದಾರೆ!

"ಗೊತ್ತು ಡಾಕ್ಟ್ರೇ. ಆ ತಾಯಿ ಮೊದಲನೇ ಹಾಡಲ್ಲೇ ಸೆರಗು ಬಾಯಿಗಿಟ್ಟು ಕೆಮ್ಮಿದಳು. ಊರಿನ ಅರ್ಧ ಮನೆಗಳಲ್ಲಿ ಕರ್ಮ ಮಾಡಿಸಿದವನು ನಾನು, ಅಷ್ಟು ಗೊತ್ತಾಗಲ್ವೇ? ಇವಳು ಒಂದೇ ಡಿಸ್ಕ್ ಹಾಕಿ, ಎರಡನೇದನ್ನ ಬಚ್ಚಿಟ್ಟು, 'ಮುಗೀತು' ಅಂತ ಹೇಳಿ ನನ್ನ ಮುಖಾನೇ ನೋಡ್ತಾ ಕೂತಿರ್ತಾಳೆ. ಗೊತ್ತು ಅಂದ್ರೆ ಇವಳ ಎದೆ ಒಡೀತದೆ ಅಂತ ಸುಮ್ಮನಿದ್ದೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಈ ಸಾವು, ನೋವು, ಅಳು, ಎಲ್ಲಾ ಒಂದು ವರ್ಷ ನೋಡಿದ್ದು ಯಾರು?"

ಇವರು ಬೆರಳು ನನ್ನ ಕಡೆ ತೋರಿಸಿದರು. ಪಟ್ಟಿ ಇವರ ತೋಳಿನಿಂದ ನನ್ನ ತೋಳಿಗೆ ಬಂತು. ಡಾಕ್ಟರು ಒತ್ತಿದರು, ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದರು. "ಜೋಯಿಸ್ರೇ, ನೀವು ನಾಳೆಯಿಂದ ಮದುವೆ ಮಾಡಿಸಿ. ಇವರನ್ನ ಮಾತ್ರ ಮಲಗಿಸಿ" ಅಂತ ಒಂದು ರಾಶಿ ಮಾತ್ರೆ ಬರೆದುಕೊಟ್ಟರು, ಎಲ್ಲಾ ನನ್ನ ಹೆಸರಿಗೆ.

ವಾಪಸ್ ಬಸ್ಸಿನಲ್ಲಿ ಇವರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಶಾಲು ಹೊದಿಸಿ, ಕಂಡಕ್ಟರನ್ನು ಕರೆದರು.

"ಸ್ವಲ್ಪ ನಿಧಾನವಾಗಿ ಓಡಿಸೋಕೆ ಹೇಳಪ್ಪ. ನಮ್ಮನೆಯವಳಿಗೆ ಬಿ.ಪಿ. ಬಹಳ ಏರಿದೆ."

"ಯಾಕ್ಸಾ, ಏನಾಯ್ತು ಅಮ್ಮಾರ್ಗೆ?"

"ನನಗೆ ಎದೆನೋವು ಬಂದಿತ್ತು. ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಇವಳು ಒಂದು ವರ್ಷ ಸಿನಿಮಾ ನೋಡಿದಳು."

ಕಂಡಕ್ಟರು ಒಂದು ಸಲ ಇವರನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಅರ್ಥವಾಗಲಿಲ್ಲ ಅಂತ ಕಾಣುತ್ತೆ. ಆದರೂ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ: "ಡ್ರೈವರಣ್ಣಾ, ಹಂಪು ಬಂದ್ರೆ ಉಷಾರು! ಅಮ್ಮಾರು ಸಿನಿಮಾ ನೋಡವ್ರೆ!"