ಜಾಲಹಳ್ಳಿ ಕಲ್ಲಿನ ಕುಲಗೋತ್ರ

ಅವತ್ತು ಆ ಮೆಷಿನ್ನನ್ನು ನಾನು ತೊಳೆದೆನೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ತೊಳೆದ ನೆನಪೇನೋ ಇದೆ: ಕೈಯಲ್ಲಿ ನೀಲಿ ಬಕೆಟ್ಟು, ಪ್ಯಾಂಟೆಲ್ಲ ಒದ್ದೆ. ಆದರೆ ನನ್ನ ಹೆಂಡತಿ ಸುಧಾ, ಆ ಬಕೆಟ್ಟು ನಮ್ಮ ಮನೆಯದೆಂದೂ, ಪ್ಯಾಂಟು ಒದ್ದೆಯಾದದ್ದು ಬಚ್ಚಲಿನ ನಲ್ಲಿ ಕಿತ್ತುಬಂದ ದಿನವೆಂದೂ ಸಾಧಿಸುತ್ತಾಳೆ. ನಾನು ವಿಜ್ಞಾನ ಓದಿದವನು; ಸಾಕ್ಷಿಯಿಲ್ಲದೆ ಯಾರು ಏನು ಹೇಳಿದರೂ ನಂಬುವುದಿಲ್ಲ. ನನ್ನ ನೆನಪಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಕೊಟ್ಟಿದ್ದೆ. ಕೆಟ್ಟದ್ದು ಅಲ್ಲೇ.

ಆಗ ನಾನು ಭೂವಿಜ್ಞಾನದ ಅರೆಕಾಲಿಕ ಉಪನ್ಯಾಸಕ. ಪಿಎಚ್.ಡಿ. ಮುಗಿದರೆ ಕೆಲಸ ಕಾಯಂ. ವಿಶ್ವವಿದ್ಯಾಲಯ ನನಗೆ ಕೊಡಬಹುದಾದ ಅಷ್ಟೂ ಕಾಲಾವಕಾಶಗಳನ್ನು ಕೊಟ್ಟು ಮುಗಿಸಿತ್ತು. ಬಾಕಿಯಿದ್ದದ್ದು ಒಂದೇ ಅಧ್ಯಾಯ. ಅದಕ್ಕೆ ಬೇಕಾದ ಕಲ್ಲು ಮನೆಯ ಹತ್ತಿರವೇ ಸಿಕ್ಕಿತು. ಜಾಲಹಳ್ಳಿ ಕ್ರಾಸಿನಲ್ಲಿ ಮೆಟ್ರೊ ಕಂಬಕ್ಕೆ ಗುಂಡಿ ತೋಡುತ್ತಿದ್ದರು. ಬಿಸಿಲು ಮಳೆ ಕಾಣದ, ಆಳದ ತಾಜಾ ಗ್ರಾನೈಟು! ಮೇಸ್ತ್ರಿಯನ್ನು ಗೋಗರೆದು ಒಂದು ಚೀಲ ಹೊತ್ತು ತಂದೆ. ಆಮೇಲೆ ಆ ಗುಂಡಿಗೆ ಕಾಂಕ್ರೀಟು ಬಿತ್ತು. ಅದೇ ಕಲ್ಲು ಮತ್ತೆ ಬೇಕೆಂದರೆ ಮೆಟ್ರೊ ಕೆಡವಬೇಕು.

ಗ್ರಾನೈಟಿನೊಳಗೆ ಜಿರ್ಕಾನ್ ಎಂಬ ಹರಳಿರುತ್ತದೆ. ಸಾಸಿವೆಯೂ ಅದರ ಮುಂದೆ ಬೆಟ್ಟ. ಕಲ್ಲು ಇನ್ನೂ ಕುದಿಯುವ ಪಾಕವಾಗಿದ್ದಾಗ ಹುಟ್ಟುವ ಈ ಹರಳು, ಹುಟ್ಟುವಾಗಲೇ ಒಂದಿಷ್ಟು ಯುರೇನಿಯಂ ನುಂಗಿಕೊಳ್ಳುತ್ತದೆ. ಆ ಯುರೇನಿಯಂ ಲೆಕ್ಕ ತಪ್ಪದೆ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಸಿಕ್ಕಿತು. ಅದೇ ಹರಳಿನಲ್ಲಿ ಹ್ಯಾಫ್ನಿಯಮ್ ಎಂಬ ಇನ್ನೊಂದು ಧಾತುವಿದೆ. ಆ ಪಾಕ ಭೂಮಿಯ ಆಳದಿಂದ ಹೊಸದಾಗಿ ಎದ್ದು ಬಂದದ್ದೋ, ಹಳೆಯ ನೆಲವೇ ಮತ್ತೆ ಕರಗಿ ಆದದ್ದೋ ಎಂದು ಅದು ಹೇಳುತ್ತದೆ. ಸೀಸ ಜಾತಕ ಬರೆದರೆ ಹ್ಯಾಫ್ನಿಯಮ್ ಕುಲಗೋತ್ರ ಹೇಳುತ್ತದೆ ಎಂದು ಸುಧಾಳಿಗೆ ವಿವರಿಸಿದೆ.

"ಹಾಗಾದ್ರೆ ಕಲ್ಲಿಗೆ ಹೆಣ್ಣು ನೋಡೋಕೆ ಶುರು ಮಾಡ್ಬಹುದು" ಎಂದಳು.

ಹರಳು ಸಿಗಬೇಕಾದರೆ ಕಲ್ಲು ಪುಡಿಯಾಗಬೇಕು. ನಮ್ಮ ವಿಭಾಗದ ಯಂತ್ರ ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ, ಅದರ ರಿಪೇರಿಯ ಕಡತ ಯಂತ್ರಕ್ಕಿಂತ ದಪ್ಪವಾಗಿತ್ತು. ಆಗ ಸುಧಾ ರುದ್ರಣ್ಣನವರನ್ನು ನೆನಪಿಸಿದಳು. ಅವಳ ತಂದೆಯ ಜೊತೆ ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದವರು. ನಿವೃತ್ತಿಯ ನಂತರ ಪೀಣ್ಯದಲ್ಲಿ ಒಂದು ಸಣ್ಣ ಎರಕದ ಶೆಡ್ಡು ನಡೆಸುತ್ತಿದ್ದರು. ಪಂಪಿನ ಬಿಡಿಭಾಗಗಳಿಗೆ ಎರಕ ಹೊಯ್ಯುವುದು, ತಣ್ಣಗಾದ ಮೇಲೆ ಅಚ್ಚು ಒಡೆಯುವುದು, ಒಡೆದ ಅಚ್ಚಿನ ಚೂರುಗಳನ್ನು ಮೆಷಿನ್ನಿಗೆ ಹಾಕಿ ಪುಡಿಮಾಡುವುದು. ನನಗೆ ಬೇಕಾಗಿದ್ದದ್ದು ಆ ಮೆಷಿನ್ನು.

ನಾನು ಚೀಲದೊಡನೆ ಹೋದಾಗ ರುದ್ರಣ್ಣ ಏನೋ ಹೇಳಲು ಬಂದರು. ಎರಡು ಸಲ ಬಾಯಿ ತೆರೆದ ಹಾಗೆ ನೆನಪು. ಆದರೆ ನಾನು ಅವರಿಗೆ ಭೂಮಿಯ ಹುಟ್ಟಿನಿಂದ ಶುರುಮಾಡಿ ವಿವರಿಸುತ್ತಿದ್ದೆ. ದೊಡ್ಡವರು, ಅಳಿಯನ ಮಾತಿಗೆ ಅಡ್ಡ ಬರಲಿಲ್ಲ.

ಪುಡಿಯನ್ನು ಮನೆಗೆ ತಂದು, ಅಗಲವಾದ ಪರಾತದಲ್ಲಿ ನೀರು ಹಾಕಿ ಜಾಲಿಸಲು ಕುಳಿತೆ. ಜಿರ್ಕಾನ್ ಭಾರ, ತಳದಲ್ಲಿ ನಿಲ್ಲುತ್ತದೆ. ಹಗುರದ್ದೆಲ್ಲ ನೀರಿನ ಜೊತೆ ಹೋಗುತ್ತದೆ. ನನ್ನ ಕೈಯಲ್ಲಿ ಭಾರದ್ದೂ ಹಗುರದ್ದೂ ಸಮಾನತೆಯಿಂದ ಚರಂಡಿ ಸೇರತೊಡಗಿದವು. ನೋಡಲಾರದೆ ಸುಧಾ ಪರಾತ ಕಿತ್ತುಕೊಂಡಳು. ರೇಷನ್ ಅಕ್ಕಿ ಜಾಲಿಸಿ ಪಳಗಿದ ಕೈ.

"ಎಲ್ರೂ ಅಕ್ಕಿ ಇಟ್ಕೊಂಡು ಕಲ್ಲು ಚೆಲ್ತಾರೆ. ಕಲ್ಲು ಇಟ್ಕೊಂಡು ಕಲ್ಲು ಚೆಲ್ಲೋರನ್ನ ನಿಮ್ಮನ್ನೇ ನೋಡಿದ್ದು ಕಣ್ರೀ" ಎಂದಳು.

ಒಂದು ಚಿಟಿಕೆ ಹರಳು ಸಿಗಬೇಕಾದಲ್ಲಿ ಒಂದು ಚಮಚ ಸಿಕ್ಕಿತು. ವಿಜ್ಞಾನಿಯಾದವನು ಇಲ್ಲಿ ಅನುಮಾನಪಡಬೇಕು. ಪಟ್ಟೆ. ಅರ್ಧ ಗಂಟೆ ಯೋಚಿಸಿ, ಸುಧಾಳ ಕೈಗುಣ ಎಂದು ತೀರ್ಮಾನಿಸಿದೆ.

ದೂರದ ಊರಿನ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಕಾದು ಪಡೆದ ಸರದಿಯಲ್ಲಿ ಹರಳುಗಳ ಅಳತೆಯಾಯಿತು. ಕೆಲವಕ್ಕೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೇಲೆ. ಬೆಂಗಳೂರಿನ ನೆಲಕ್ಕೆ ಅದು ಸಹಜ. ಆದರೆ ಉಳಿದವಕ್ಕೆ ಬರೀ ಐವತ್ತು ಅರವತ್ತು ಕೋಟಿ! ಅವುಗಳ ಕುಲಗೋತ್ರ ನೋಡಿದರೆ, ಹಳೆಯ ನೆಲವೇ ಮತ್ತೆ ಕರಗಿ ಆದದ್ದು. ಅಂದರೆ, ತಣ್ಣಗಾಗಿ ಯುಗಗಳೇ ಕಳೆದಿವೆ ಎಂದು ಎಲ್ಲರೂ ನಂಬಿದ್ದ ಜಾಲಹಳ್ಳಿ ಕ್ರಾಸು, ಯಾರಿಗೂ ಹೇಳದೆ ಇನ್ನೊಮ್ಮೆ ಕುದಿದಿತ್ತು. ಅದನ್ನು ಕಂಡುಹಿಡಿದವನು ನಾನು.

ಒಂದು ಸಣ್ಣ ತೊಡಕಿತ್ತು. ಗ್ರಾನೈಟಿನ ಜಿರ್ಕಾನಿಗೆ ಸಾಮಾನ್ಯವಾಗಿ ಚೂಪಾದ ತುದಿಗಳಿರುತ್ತವೆ. ಈ ಎಳೆಯ ಹರಳುಗಳೋ ಗುಂಡಗೆ, ನುಣ್ಣಗೆ, ಎಣ್ಣೆ ಹಚ್ಚಿದ ಹಾಗಿದ್ದವು. ಪಾಕದ ಬಿಸಿಗೆ ತುದಿಗಳು ಕರಗಿವೆ ಎಂದು ಎರಡು ಪುಟ ಬರೆದು ತೊಡಕನ್ನು ನಿವಾರಿಸಿದೆ.

ನನ್ನ ಮಾರ್ಗದರ್ಶಕಿ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಕ್ರಷರ್ ಕ್ಲೀನ್ ಮಾಡಿದ್ರಾ?"

"ಮಾಡಿದೀನಿ ಮೇಡಂ."

ಕಣ್ಣ ಮುಂದೆ ನೀಲಿ ಬಕೆಟ್ಟು ಬಂದು ನಿಂತಿತ್ತು. ವಿಭಾಗದವರೆಲ್ಲರ ಮುಂದೆ ನನ್ನ ಭಾಷಣ ಸೋಮವಾರಕ್ಕೆ ನಿಗದಿಯಾಯಿತು.

ಶನಿವಾರ ಮೈಸೂರು ಪಾಕಿನ ಡಬ್ಬ ಹಿಡಿದು ಪೀಣ್ಯಕ್ಕೆ ಹೋದೆ. ಅಧ್ಯಾಯದ ಪ್ರತಿಯೂ ಕೈಯಲ್ಲಿತ್ತು. ಕೃತಜ್ಞತೆಯ ಸಾಲಿನಲ್ಲಿ ರುದ್ರಣ್ಣನವರ ಹೆಸರು ಹಾಕಿದ್ದೆ. ಅವರು ಕನ್ನಡಕ ಏರಿಸಿ ತಮ್ಮ ಹೆಸರನ್ನು ಓದಿಕೊಂಡರು. ಖುಷಿಯಾಯಿತು. ಪುಟ ತಿರುವಿದರು. ಸೂಕ್ಷ್ಮದರ್ಶಕದಲ್ಲಿ ತೆಗೆದ ಹರಳುಗಳ ದೊಡ್ಡ ಚಿತ್ರ ಬಂತು.

"ಇದ್ಯಾಕೆ ಅಳಿಯಂದ್ರೆ, ನಮ್ ಮರಳಿನ ಫೋಟೋ ಆಕಿದೀರಾ?"

"ಮರಳಲ್ಲ, ಇದು ಜಿರ್ಕಾನ್."

"ಅದೇ ಕಣ್ರೀ, ಜಿರ್ಕಾನ್ ಮರಳು. ಅಚ್ಚಿಗೆ ಬಳೀತೀವಲ್ಲ. ಉಕ್ಕು ಉಯ್ದ್ರೂ ಅಚ್ಚು ಜಗ್ಗಾಕಿಲ್ಲ."

ಎದ್ದು ಹೋಗಿ ಮೂಲೆಯ ಚೀಲದಿಂದ ಒಂದು ಹಿಡಿ ತಂದು ನನ್ನ ಅಂಗೈಗೆ ಸುರಿದರು. ಚೀಲದ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಹೆಸರು ಬರೆದಿತ್ತು. ಜಿರ್ಕಾನಿನ ಮೇಲೆ ಆರು ವರ್ಷ ಸಂಶೋಧನೆ ಮಾಡಿದವನು ಅದನ್ನು ಓದಿರಲಿಲ್ಲ.

"ಕಡಲ ದಂಡೆಯಿಂದ ಬರ್ತದೆ ಇದು. ಅಲೆ ಉಜ್ಜೀ ಉಜ್ಜೀ ಇಂಗೆ ಗುಂಡಗಾಗಿರ್ತದೆ. ಮೆಷಿನ್ ತುಂಬ ಇದೇ ಇರ್ತದೆ, ಚೆನ್ನಾಗಿ ತೊಳ್ಕಳಿ ಅಂತ ಅವತ್ತೇ ಏಳಾನಾ ಅಂತಿದ್ದೆ. ನೀವು ಭೂಮಿ ಉಟ್ಟಿದ್ದು ಏಳ್ತಾ ಇದ್ರಿ."

ಗುಂಡಗಾದದ್ದು ಬೆಂಕಿಯಲ್ಲಿ ಎಂದು ನಾನು ಎರಡು ಪುಟ ವಾದಿಸಿದ್ದ ಹರಳುಗಳು ಪೀಣ್ಯಕ್ಕೆ ಲಾರಿಯಲ್ಲಿ ಬಂದಿದ್ದವು. ಮೈಸೂರು ಪಾಕನ್ನು ಇಬ್ಬರೂ ತಿಂದೆವು. ನನಗೆ ರುಚಿ ತಿಳಿಯಲಿಲ್ಲ.

ಭಾನುವಾರ ಮಾರ್ಗದರ್ಶಕಿಯ ಮನೆಗೇ ಹೋಗಿ ಒಪ್ಪಿಸಿದೆ. ಅವರು ಬೈದಿದ್ದರೆ ಸುಲಭವಿತ್ತು. ಬದಲಿಗೆ, ತುದಿ ಚೂಪಾಗಿರುವ ಹಳೆಯ ಹರಳುಗಳು ಎಷ್ಟಿವೆ ಎಂದು ಕೇಳಿದರು. ಎಣಿಸಿದರೆ, ಒಂದು ಅಧ್ಯಾಯ ಉಳಿಯುವಷ್ಟಿದ್ದವು. ಸೋಮವಾರ ನಾನು ವಿಭಾಗದವರ ಮುಂದೆ ನಿಂತು, ಜಾಲಹಳ್ಳಿಯ ಗ್ರಾನೈಟು ಎಲ್ಲರೂ ಮೊದಲಿನಿಂದ ಹೇಳುತ್ತಾ ಬಂದಷ್ಟೇ ಹಳೆಯದು ಎಂದು ಗಂಭೀರವಾಗಿ ಘೋಷಿಸಿದೆ. ಪ್ರಶ್ನೆ ಯಾರೂ ಕೇಳಲಿಲ್ಲ. ಏನೆಂದು ಕೇಳಿಯಾರು? ಪಿಎಚ್.ಡಿ. ಬಂತು, ಕೆಲಸವೂ ಕಾಯಂ ಆಯಿತು. ನೆಲ ಕುದಿಯಲಿಲ್ಲ.

ಸುಧಾ ಇದನ್ನು ಇಲ್ಲಿಗೇ ಬಿಡಿ ಎಂದಳು. ಆದರೆ ಅನುಮಾನ ನನ್ನ ಕಸುಬು. ಎರಕದವರೊಬ್ಬರು ಫೋಟೋ ನೋಡಿ ಹೇಳಿದ ಮಾತನ್ನು ಸಾಕ್ಷಿಯಿಲ್ಲದೆ ನಂಬುವುದು ಹೇಗೆ? ರುದ್ರಣ್ಣನವರಿಂದ ಒಂದು ಪೊಟ್ಟಣ ಮರಳು ಕೇಳಿ ಪಡೆದು, ಗೆಳೆಯನೊಬ್ಬನ ಸರದಿಯಲ್ಲಿ ಅದೇ ಪ್ರಯೋಗಾಲಯಕ್ಕೆ ಕಳಿಸಿದೆ. ಹಲವು ತಿಂಗಳ ನಂತರ ಉತ್ತರ ಬಂತು. ಹೆಚ್ಚಿನ ಹರಳುಗಳಿಗೆ ಅದೇ ಐವತ್ತು ಅರವತ್ತು ಕೋಟಿ, ಅದೇ ಕುಲಗೋತ್ರ. ಅವರದೇ ಮರಳು.