ಇಚ್ಚನ ಗ್ಯಾಸ್

ನಮ್ಮ ಊರಿನವರು ದುಃಖಕ್ಕೆ ಗ್ಯಾಸ್ ಎಂದು ಹೆಸರಿಟ್ಟಿದ್ದಾರೆ. ಇದು ತಪ್ಪು. ಮಗ ಮಾತು ಬಿಟ್ಟರೆ ಗ್ಯಾಸ್, ಮದುವೆ ಮುರಿದರೆ ಗ್ಯಾಸ್, ಸಾವಿನ ಮನೆಯಿಂದ ಬಂದು ಊಟ ಸೇರದಿದ್ದರೂ ಗ್ಯಾಸ್. ಉಪ್ಪಳದ ಆಟೋ ಸ್ಟ್ಯಾಂಡಿನಲ್ಲಿ ಯೂನಿಯನ್ ಕೆಲಸ ಮಾಡಿಕೊಂಡು ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಈಗಲೂ ನಡೆಯುತ್ತಲೇ ಇದೆ.

1. ಸೋಡಾ

ನಮ್ಮ ಸ್ಟ್ಯಾಂಡಿನ ಹಿರಿಯ ಚಾಲಕರನ್ನು ಎಲ್ಲರೂ ಇಚ್ಚ, ಅಂದರೆ ಅಣ್ಣ, ಎಂದೇ ಕರೆಯುವುದು. ಅವರ ಒಬ್ಬಳೇ ಮಗಳು ಮದುವೆಯಾಗಿ ಗಂಡನ ಜೊತೆ ದುಬೈಗೆ ಹೋದಳು. ಆ ವಾರದಿಂದ ಇಚ್ಚನಿಗೆ ಎದೆಯಲ್ಲಿ ಗ್ಯಾಸ್. ಹಗ್ಗ ಕಟ್ಟಿದ ಗಲ್ಫ್ ಪೆಟ್ಟಿಗೆ ಹಿಡಿದವರು ಯಾರಾದರೂ ಬಂದರೆ, ಸರದಿ ತನ್ನದಾದರೂ ಬಾಡಿಗೆಯನ್ನು ಹಿಂದಿನ ಆಟೋದವನಿಗೆ ಬಿಟ್ಟುಕೊಡುವರು. ಉಪ್ಪಳದಲ್ಲಿ ಪೆಟ್ಟಿಗೆ ಇಲ್ಲದ ಬಾಡಿಗೆಯನ್ನೇ ಕಾಯುತ್ತ ಕುಳಿತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಸ್ಟ್ಯಾಂಡಿನವರು ಸುಮ್ಮನಿರಲಿಲ್ಲ. ಒಬ್ಬ ಉಪ್ಪು ಲಿಂಬೆ ಹಾಕಿದ ಸೋಡಾ ಕುಡಿಸಿದ, ಇನ್ನೊಬ್ಬ ಇಂಗು ತಂದ, ಮತ್ತೊಬ್ಬ ಬೆಳ್ಳುಳ್ಳಿ ಸುಟ್ಟು ತಂದ. ಮಗಳ ಸುದ್ದಿ ಎಂತ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದರೆ ಪಾಪ, ಗ್ಯಾಸ್ ಜಾಸ್ತಿಯಾಗುತ್ತದೆ ಎಂದು ಹೆದರಿಕೆ.

2. ಡಾಕ್ಟರ್

ಎದೆಯ ವಿಷಯ, ಆಟ ಅಲ್ಲ ಎಂದು ನಾವು ನಾಲ್ಕೈದು ಜನ ಇಚ್ಚನನ್ನು ಆಟೋದಲ್ಲಿ ತುಂಬಿಸಿಕೊಂಡು ಆಸ್ಪತ್ರೆಗೆ ಹೋದೆವು. ಇಸಿಜಿ ಸರಿ ಇತ್ತು, ರಕ್ತವೂ ಸರಿ ಇತ್ತು. ಡಾಕ್ಟರ್ ಪೆನ್ನು ಕೆಳಗಿಟ್ಟು ಮನಸ್ಸಿನಲ್ಲಿ ಏನಾದರೂ ಬೇಸರ ಉಂಟಾ ಎಂದು ಕೇಳಿದರು.

ಇಚ್ಚ ಬಾಯಿ ತೆರೆದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ನಾವೆಲ್ಲ ಒಟ್ಟಿಗೆ ಇಲ್ಲ ಎಂದೆವು. ಬಹಳ ಧೈರ್ಯದ ಮನುಷ್ಯ ಎಂದು ಒಬ್ಬ ಸೇರಿಸಿದ. ಇಚ್ಚ ಬಾಯಿ ಮುಚ್ಚಿದರು. ಡಾಕ್ಟರ್ ನಮ್ಮನ್ನು ಒಮ್ಮೆ ನೋಡಿ ಗ್ಯಾಸಿನ ಮಾತ್ರೆ ಬರೆದರು.

3. ಕನ್ನಡಿ

ಆ ಸಮಯಕ್ಕೆ ಸರಿಯಾಗಿ ಒಬ್ಬರು ತರಬೇತುದಾರರು ಬಂದು ಚಾಲಕರಿಗೆಂದು ಮನಸ್ಸು ಗಟ್ಟಿ ಮಾಡುವ ತರಗತಿ ನಡೆಸಿದರು. ಟೈ ಕಟ್ಟಿದ್ದರು. ದುಃಖ ಎಂಬುದೇ ಇಲ್ಲ, ನೋಡುವ ದೃಷ್ಟಿ ಬದಲಿಸಿದರೆ ಸಾಕು ಎಂದರು. ನನಗೆ ಮೈ ಉರಿಯಿತು. ಎದ್ದು ನಿಂತು, ಮನಸ್ಸು ಗಟ್ಟಿ ಮಾಡಿದರೆ ರಸ್ತೆಯ ಹೊಂಡ ಮುಚ್ಚುತ್ತದಾ ಎಂದು ಕೇಳಿದೆ. ಅವರು ನಗುತ್ತಲೇ ಇದ್ದರು. ದಿನಾ ಬೆಳಿಗ್ಗೆ ಕನ್ನಡಿ ನೋಡಿ ನಕ್ಕು ನಾನು ಸುಖವಾಗಿದ್ದೇನೆ ಎಂದು ಹೇಳಿ ಎಂದರು.

ಚಾಲಕರ ಹತ್ತಿರ ಇರುವ ಕನ್ನಡಿ ಆಟೋದ್ದು. ಅದರಲ್ಲಿ ಕಾಣುವುದು ಹಿಂದೆ ಕುಳಿತವರು. ಮರುದಿನ ಸ್ಟ್ಯಾಂಡಿಗೆ ಸ್ಟ್ಯಾಂಡೇ ಕನ್ನಡಿ ನೋಡಿ ನಕ್ಕಿತು. ವರ್ಕಾಡಿಗೆ ಹೊರಟಿದ್ದ ಟೀಚರೊಬ್ಬರು ದಾರಿಯಲ್ಲೇ ಇಳಿದು ನಡೆದರು. ಮಧ್ಯಾಹ್ನದೊಳಗೆ ಮೂರು ಮನೆಯವರು ಯೂನಿಯನ್‌ಗೆ ದೂರು ತಂದರು. ನಗದೆ ಉಳಿದವರು ಇಚ್ಚ ಒಬ್ಬರೇ. ಆ ದಿನ ಹೆಂಗಸರೆಲ್ಲ ಅವರ ಆಟೋವನ್ನೇ ಹತ್ತಿದರು.

4. ಪಾರ್ಸೆಲ್

ಮಗಳ ಫೋನ್ ಶುಕ್ರವಾರ ಬರುವುದು. ಸ್ಪೀಕರ್ ಹಾಕಿ ಮನೆಯವರೆಲ್ಲ ಸುತ್ತ ಕುಳಿತು ಸುಖವಾ, ಸುಖ ಎಂದು ಹೇಳಿ ಇಡುವುದು. ಗಲ್ಫಿಗೆ ಬೇಸರದ ಮಾತು ಹೇಳಬಾರದು ಎಂಬುದು ನಮ್ಮಲ್ಲಿ ಕಾನೂನಿಗಿಂತ ಗಟ್ಟಿ. ಒಂದು ಶುಕ್ರವಾರ ನಾನೂ ಅಲ್ಲಿದ್ದೆ. ಸುಖವೆಲ್ಲ ಮುಗಿದ ಮೇಲೆ ಮಗಳು ಅಪ್ಪನನ್ನು ಕರೆದು, ನನಗೆ ಇಲ್ಲಿಗೆ ಬಂದಲ್ಲಿಂದ ಸ್ವಲ್ಪ ಗ್ಯಾಸ್ ಉಂಟು, ಉಪ್ಪ, ನೀರು ಹಿಡಿಯುವುದಿಲ್ಲ ಅಂತ ಕಾಣುತ್ತದೆ ಎಂದಳು.

ರಜೆಗೆ ಬಂದು ದುಬೈಗೆ ಹಿಂದಿರುಗುತ್ತಿದ್ದ ನೆರೆಮನೆಯವನ ಕೈಯಲ್ಲಿ ಇಚ್ಚ ಒಂದು ಚೀಲ ಓಮ ಕಳಿಸಿದರು. ಅವನು ಮುಂದಿನ ರಜೆಗೆ ಬರುವಾಗ ಅವಳು ಅಪ್ಪನಿಗೆ ದೊಡ್ಡ ಬಾಟಲಿ ಗ್ಯಾಸಿನ ಮಾತ್ರೆ ಕಳಿಸಿದಳು. ಅವನು ಬಾಟಲಿಯನ್ನು ಜಗಲಿಯಲ್ಲಿ ಇಟ್ಟು, "ನಿಮ್ಮ ಮನೆಯ ಗ್ಯಾಸ್ ಹೊತ್ತು ನನಗೆ ಸಾಕಾಯಿತು ಇಚ್ಚ. ಅಲ್ಲಿ ಅವಳು ಅಳುತ್ತಾಳೆ, ಇಲ್ಲಿ ನೀವು" ಎಂದ.

ಮುಂದಿನ ಶುಕ್ರವಾರ ನಾನು ಮೊದಲೇ ಹೋಗಿ ಕುಳಿತೆ. ಫೋನ್ ಬಂತು. ಸುಖವಾ ಎಂದಳು. ಇಚ್ಚ ಎಂದಿನಂತೆ ಬಾಯಿ ತೆರೆದರು. "ಸುಖ ಅಂತ ಹೇಳಿದರೆ ಇಲ್ಲಿಯೇ ಧರಣಿ ಕೂರುತ್ತೇನೆ ಮಾರಾಯ್ರೇ" ಎಂದೆ. ಅವರಿಗೆ ನನ್ನ ಧರಣಿ ಗೊತ್ತು. ಊಟಕ್ಕೂ ಏಳುವುದಿಲ್ಲ.

ಇಚ್ಚ ಫೋನನ್ನು ಹತ್ತಿರ ಎಳೆದುಕೊಂಡು ಹೇಳಿದರು: "ಮೋಳೇ, ನೀನು ಇಲ್ಲದೆ ನನಗೆ ಆಗುವುದಿಲ್ಲ."

ಆ ಕಡೆ ಅಳು ಕೇಳಿತು. ಅಡುಗೆಮನೆಯಿಂದ ಇಚ್ಚನ ಹೆಂಡತಿಯದೂ ಕೇಳಿತು. ಇಚ್ಚನೂ ಅತ್ತರು. ಅತ್ತು ಮುಗಿಸಿ ಒಂದು ತೇಗು ತೇಗಿದರು. ಅಷ್ಟು ಉದ್ದದ ತೇಗನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಗೋಡೆ ಹತ್ತಿರದ ಬೆಕ್ಕು ಎದ್ದು ಹೊರಗೆ ಹೋಯಿತು.

ಇಚ್ಚ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ನಾನು ಹೇಳಲಿಲ್ಲವಾ, ಗ್ಯಾಸೇ" ಎಂದರು.

ಮರುದಿನ ಬೆಳಿಗ್ಗೆ ಮೊದಲ ಸರದಿ ಅವರದು. ಗಲ್ಫಿಗೆ ಹೊರಟವನೊಬ್ಬನ ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ತಾವೇ ಎತ್ತಿ ಆಟೋಗೆ ಹಾಕಿದರು.

ನಿಮ್ಮ ಮನೆಯಲ್ಲಿಯೂ ಒಬ್ಬರಿಗೆ ಗ್ಯಾಸ್ ಉಂಟು. ಓದಿದ್ದು ಸಾಕು, ಏಳಿ. ಹೋಗಿ ಯಾರ ನೆನಪಾಗುತ್ತದೆ ಎಂದು ಕೇಳಿ. ಸೋಡಾ ಆಮೇಲೆ ಕೊಡಿ.