ನಿಧಾನ, ಸಾಧಾರಣ, ಪೂರ್ತಿ ವೇಗ

ಹನ್ನೆರಡು ವರ್ಷ ಲಿಫ್ಟುಗಳೊಳಗೆ ಮಾತಾಡಿಕೊಂಡು ಮರ್ಯಾದೆಯಿಂದ ಬದುಕಿದ ನನ್ನ ಮೇಲೆ ಹೋದ ತಿಂಗಳು ಒಂದು ಆರೋಪ ಬಂತು. ನನ್ನ ಮಾತಿನ ಹಿಂದೆ ‘ಸುಂಯ್’ ಎಂಬ ಸದ್ದಿದೆಯಂತೆ.

ಲಿಫ್ಟುಗಳೊಳಗೆ ಮಾತಾಡುವುದೆಂದರೆ ಅಲ್ಲಿ ನಿಂತು ಹೋಗುವ ಬರುವವರನ್ನು ಮಾತಾಡಿಸುವುದಲ್ಲ. ಗುಂಡಿ ಒತ್ತಿದ ಕೂಡಲೇ ‘ಬಾಗಿಲು ಮುಚ್ಚುತ್ತಿದೆ’, ‘ಮೂರನೆಯ ಮಹಡಿ’ ಎಂದು ಗಂಭೀರವಾದ ಗಂಡುಧ್ವನಿಯೊಂದು ಹೇಳುತ್ತದಲ್ಲ, ಆ ಧ್ವನಿ ನನ್ನದು. ಕಾಣದ ಊರುಗಳಲ್ಲಿ ಸಾವಿರಾರು ಜನ ನನ್ನ ಅಪ್ಪಣೆಯಂತೆ ಬಾಗಿಲಿನಿಂದ ದೂರ ಸರಿಯುತ್ತಾರೆ. (ಮನೆಯಲ್ಲಿ ನಾನು ಬಾಗಿಲು ಮುಚ್ಚಿ ಎಂದರೆ ಯಾರೂ ಮುಚ್ಚುವುದಿಲ್ಲ. ಅದು ಬೇರೆ ವಿಷಯ.)

ಆರೋಪ ಹೊರಿಸಿದವರು ಕಂಪನಿಯ ಸೌಂಡಿನವರು. ಅವರನ್ನು ನಾನು ಕಣ್ಣಾರೆ ಕಂಡಿಲ್ಲ, ಫೋನಿನಲ್ಲಷ್ಟೇ ಪರಿಚಯ. ಇರುವೆ ಸೀನಿದರೂ ಕೇಳಿಸಿಕೊಳ್ಳುವ ಕಿವಿ ಅವರದು. ಹೊಸ ಲಿಫ್ಟಿಗೆಂದು ನಾನು ಓದಿ ಕಳಿಸಿದ್ದ ನಲವತ್ತೆರಡು ವಾಕ್ಯಗಳನ್ನೂ ವಾಪಸು ಮಾಡಿ, ಬಹಳ ವಿನಯದಿಂದ, ಸಾರ್, ಹಿಂದೆ ಏನೋ ಸುಂಯ್ ಅಂತಿದೆ, ಇನ್ನೊಂದು ಸಲ ಮಾಡಿಕೊಡಿ ಎಂದರು. ಬೈದಿದ್ದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಿದ್ದೆ. ಆ ವಿನಯ ಕೇಳಿ ನನ್ನ ಎದೆ ಢವಢವ ಎನ್ನತೊಡಗಿತು. ಈ ಕೆಲಸ ತಪ್ಪಿದರೆ ನನಗೆ ಬರುವ ಇನ್ನೊಂದು ವಿದ್ಯೆಯಿಲ್ಲ.

ನನ್ನ ಸ್ಟುಡಿಯೋದ ವಿಷಯ ಹೇಳಬೇಕು. ಅದು ಮಲಗುವ ಕೋಣೆಯ ಗೋಡೆ ಬೀರು. ನನ್ನವಳು ಟೈಲರ್ ಆದ್ದರಿಂದ ಬೀರಿನ ತುಂಬ ಅರ್ಧ ಹೊಲಿದ ಕೋಟು, ಫ್ರಾಕು, ಪರದೆ ಬಟ್ಟೆ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಯಾರದೋ ಕೋಟಿನ ತೋಳು ನನ್ನ ಹೆಗಲ ಮೇಲೆ ಕೈಹಾಕಿಕೊಂಡಿರುವಾಗ, ಸ್ಟೂಲಿನ ಮೇಲೆ ಮುದುಡಿ ಕೂತು, ಬಾಗಿಲು ಎಳೆದುಕೊಂಡು ನಾನು ‘ದಯವಿಟ್ಟು ಗಾಬರಿಯಾಗಬೇಡಿ’ ಎಂದು ಓದುತ್ತೇನೆ. ಮೈಕಿನ ವೈರು ಬಾಗಿಲ ಸಂದಿಯಿಂದ ಹೊರಗೆ ಹೋಗಿ ಮಂಚದ ಮೇಲಿರುವ ಲ್ಯಾಪ್‌ಟಾಪನ್ನು ಸೇರುತ್ತದೆ. ಲ್ಯಾಪ್‌ಟಾಪೂ ನನ್ನವಳದೇ. ಅವಳು ಅದರಲ್ಲಿ ಕಟಿಂಗಿನ ನಕ್ಷೆ ಬರೆಯುತ್ತಾಳೆ. ನಾನು ಓದುವಷ್ಟು ಹೊತ್ತು ಹೊಲಿಗೆ ಮಿಷನ್ನೂ ನಿಲ್ಲಬೇಕು, ಅವಳೂ ನಿಲ್ಲಬೇಕು. ಇದರಿಂದ ಅವಳಿಗೆ ನನ್ನ ಕಲೆಯ ಬಗ್ಗೆ ಅಷ್ಟೇನೂ ಗೌರವ ಉಳಿದಿಲ್ಲ.

ಭಾಮೈದ ಬಂದು ನೋಡಿದ. ಅವನು ಕಂಪ್ಯೂಟರ್ ರಿಪೇರಿ ಮಾಡುವವನು. ಯಾವ ಯಂತ್ರ ಕಂಡರೂ ಮೊದಲು ಕಿವಿಯಿಟ್ಟು ಕೇಳುತ್ತಾನೆ. ಲ್ಯಾಪ್‌ಟಾಪಿಗೆ ಕಿವಿಯಿಟ್ಟು, ಇದರ ಫ್ಯಾನೇ ಕಳ್ಳ ಎಂದು ತೀರ್ಪು ಕೊಟ್ಟ. ಒಳಗಿನ ಮಿದುಳು ಜೋರಾಗಿ ಓಡುತ್ತದೆ, ಓಡಿ ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ತಿರುಗುತ್ತದೆ. ಹಾಗಾಗಿ ಮಿದುಳನ್ನೇ ನಿಧಾನ ಮಾಡಬೇಕು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಹಾಕಿಕೊಟ್ಟ. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಉಗುರಿನಷ್ಟು ಚಿತ್ರ. ಒತ್ತಿದರೆ ಮೂರೇ ಮಾತು: ನಿಧಾನ, ಸಾಧಾರಣ, ಪೂರ್ತಿ ವೇಗ. ನಿಧಾನ ಒತ್ತಿದ್ದೇ ತಡ, ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ನಿಧಾನ ಎಂದರೆ ಎಂಥ ನಿಧಾನ ಅಂತೀರಿ! ರೆಕಾರ್ಡಿಂಗ್ ತೆರೆದುಕೊಳ್ಳುವುದಕ್ಕೇ ಹನ್ನೊಂದು ನಿಮಿಷ. ಆದ್ದರಿಂದ ತೆರೆಯಲು ಪೂರ್ತಿ ವೇಗ, ಓದಲು ನಿಧಾನ, ಉಳಿಸಿಕೊಳ್ಳಲು ಮತ್ತೆ ಪೂರ್ತಿ ವೇಗ ಎಂದಾಯಿತು. ಜೊತೆಗೆ ಪ್ರತಿ ಬದಲಾವಣೆಗೂ ಆ ಪ್ರೋಗ್ರಾಂ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ನನ್ನವಳದು, ಅವಳು ಹೇಳಲಿಲ್ಲ. (ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಅದೊಂದೇ ಎಂದು ಆಗ ನಂಬಿದ್ದೆ.) ಹೀಗಾಗಿ ಅವಳು ಮಂಚದ ಮೇಲೆ ಕೂತು ವೇಗ ಬದಲಿಸುವುದು, ನಾನು ಬೀರಿನೊಳಗಿನಿಂದ ಹಲಗೆಗೆ ಒಂದು ಸಲ ಬಡಿದರೆ ನಿಧಾನ, ಎರಡು ಸಲ ಬಡಿದರೆ ಪೂರ್ತಿ ವೇಗ ಎಂದು ಒಡಂಬಡಿಕೆಯಾಯಿತು. ಗಾಬರಿಯಲ್ಲಿ ನನ್ನ ಮೊಣಕಾಲು ನಡುಗಿ ಹಲಗೆಗೆ ತಾನೇ ಬಡಿಯತೊಡಗಿತು. ಏಳನೆಯ ಮಹಡಿ ತಲುಪುವಷ್ಟರಲ್ಲಿ ಅವಳು ಹದಿನಾಲ್ಕು ಸಲ ವೇಗ ಬದಲಿಸಿದ್ದಳು.

“ರೀ, ನೀವು ಲಿಫ್ಟಿಗೆ ಓದ್ತಿದ್ದೀರೋ, ತಬಲಾ ಕಲೀತಿದ್ದೀರೋ?” ಎಂದು ಹೊರಗಿನಿಂದ ಕೇಳಿದಳು. ಆ ಪ್ರಶ್ನೆಯೂ ಸ್ಪಷ್ಟವಾಗಿ ರೆಕಾರ್ಡಾಯಿತು.

ಅಂತೂ ಮೊಣಕಾಲಿಗೆ ದಿಂಬು ಕಟ್ಟಿಕೊಂಡು ನಲವತ್ತೆರಡನ್ನೂ ಮುಗಿಸಿ ಕಳಿಸಿದೆ. ಮರುದಿನ ಸೌಂಡಿನವರ ಫೋನು. ಈ ಸಲ ವಿನಯ ಇನ್ನೂ ಹೆಚ್ಚಿತ್ತು. ಸುಂಯ್ ಹಾಗೇ ಇದೆ ಸಾರ್, ಶುಕ್ರವಾರ ಮಧ್ಯಾಹ್ನದೊಳಗೆ ಚೊಕ್ಕಟವಾಗಿ ಬರದಿದ್ದರೆ ಬೇರೆ ಧ್ವನಿ ನೋಡಬೇಕಾಗುತ್ತದೆ, ಬೇಜಾರು ಮಾಡ್ಕೋಬೇಡಿ ಎಂದರು.

ಬೇಜಾರೇ? ನನ್ನ ಕೈಕಾಲೇ ಆಡಲಿಲ್ಲ. ಅಂದಿನಿಂದ ಮನೆಯಲ್ಲಿ ನಾನು ನಡೆಸಿದ ನಿಶ್ಶಬ್ದ ಮಹಾಯಜ್ಞವನ್ನು ಏನೆಂದು ಹೇಳಲಿ. ಫ್ರಿಜ್ ಬಂದ್ ಮಾಡಿದೆ; ಹಾಲು ಒಡೆಯಿತು. ಗೋಡೆ ಗಡಿಯಾರವನ್ನು ಬಿಚ್ಚಿ ಬಚ್ಚಲಲ್ಲಿ ಕೂರಿಸಿದೆ. ತೊಟ್ಟಿಕ್ಕುವ ನಲ್ಲಿಗೆ ಚಿಂದಿ ಸುತ್ತಿದೆ. ಉದ್ದನೆಯ ವೈರು ತರಿಸಿ ಲ್ಯಾಪ್‌ಟಾಪನ್ನೂ ಅದರ ಒಡತಿಯನ್ನೂ ಮುಂದಿನ ಹಾಲ್‌ಗೆ ಸಾಗಿಸಿ, ಮಧ್ಯದ ಬಾಗಿಲು ಮುಚ್ಚಿ, ಅವಳಿಗೆ ಕೇಳಿಸಲೆಂದು ಬಟ್ಟೆ ತೂಗುಹಾಕುವ ಮರದ ಹ್ಯಾಂಗರಿನಿಂದ ಹಲಗೆಗೆ ಬಡಿದೆ. ಓದಿದ್ದನ್ನು ಹೆಡ್‌ಫೋನ್ ಹಾಕಿ ಕೇಳಿದರೆ, ಪ್ರತಿ ವಾಕ್ಯದ ಕೊನೆಯಲ್ಲೂ ಸುಂಯ್. ಅಷ್ಟೇ ಅಲ್ಲ, ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ಊಟ ಸೇರದಾಯಿತು. ನಮ್ಮ ಗೋಡೆಯೊಳಗೇ ಏನೋ ಸೇರಿಕೊಂಡಿದೆ ಎಂಬ ಸಂಶಯ ಬಂದು, ನೆಂಟರೆದುರಿಗೇ ಗೋಡೆಗೆ ಕಿವಿ ಹಚ್ಚಿ ನಿಲ್ಲತೊಡಗಿದೆ.

“ಒಂದು ವಾರದಿಂದ ನನ್ನ ಮಿಷನ್ ಮೇಲೆ ಧೂಳು ಕೂತಿದೆ. ಸ್ಕೂಲ್ ಯೂನಿಫಾರಂ ಮೂವತ್ತು ಕೊಡಬೇಕು. ನಿಮ್ಮ ಸುಂಯ್ ಹಿಡ್ಕೊಂಡು ಕೂತ್ರೆ ಮಕ್ಕಳು ಏನು ಹಾಕ್ಕೊಂಡು ಹೋಗ್ಬೇಕು?” ಎಂದು ನನ್ನವಳು ಕೇಳಿದಳು. ನನ್ನ ಕೆಲಸ ಹೋಗುವುದರಲ್ಲಿದೆ, ನಿನಗೆ ಗುಂಡಿ ಕಾಜಾದ ಚಿಂತೆ ಎಂದೆ. ನನಗೆ ಅಳುವೇ ಬಂದಿತ್ತು. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತಳು.

ಶುಕ್ರವಾರ ಬೆಳಿಗ್ಗೆ ಭಾಮೈದ ಬಂದ. ರಿಪೇರಿಯ ಮೊದಲ ಪಾಠವೆಂದರೆ ಒಂದೊಂದೇ ಭಾಗ ಬದಲಿಸಿ ನೋಡುವುದಂತೆ. ಫ್ಯಾನು ನೋಡಿದ್ದಾಯಿತು, ವೈರು ನೋಡಿದ್ದಾಯಿತು. “ಭಾವ, ನೀವು ಹೊರಗಿರಿ. ಅಕ್ಕ ಒಂದು ವಾಕ್ಯ ಓದಲಿ,” ಎಂದ. ನನ್ನವಳು ಹಾಳೆ ತೆಗೆದುಕೊಂಡು ಬೀರು ಹೊಕ್ಕಳು. ಆಮೇಲೆ ನೋಡುತ್ತೇನೆ, ಯಂತ್ರ ಪೂರ್ತಿ ವೇಗದಲ್ಲೇ ಇದೆ! ನಿಧಾನಕ್ಕೆ ತರೋಣವೆಂದರೆ ಪಾಸ್‌ವರ್ಡ್ ಬೀರಿನೊಳಗಿದೆ. ಹಾಲ್‌ನಲ್ಲಿ ಫ್ಯಾನು ರೊಯ್ಯೆಂದು ತಿರುಗುತ್ತಿದೆ. ಒಳಗೆ ಅವಳು ಒಂದು ವಾಕ್ಯಕ್ಕೆ ನಿಲ್ಲದೆ, ಯೂನಿಫಾರಮ್ಮಿನ ಅವಸರದಲ್ಲಿ, ನಲವತ್ತೆರಡನ್ನೂ ಒಂದೇ ಸಮನೆ ಓದಿ ಮುಗಿಸಿ, ಸೆರಗು ಕೊಡವಿಕೊಂಡು ಹೊರಗೆ ಬಂದು ಮಿಷನ್ ಮುಂದೆ ಕೂತಳು.

ಕೇಳಿ ನೋಡಿದೆವು. ಸುಂಯ್ ಇಲ್ಲ. ಒಂದು ಚೂರೂ ಇಲ್ಲ.

ನಾನು ಭಾಮೈದನನ್ನು ತಬ್ಬಿಕೊಂಡೆ. ಏನೋ ಒಂದು ಸರಿಹೋಗಿದೆ, ಏನೆಂದು ಯಾಕೆ ಕೇಳಬೇಕು! ಅವಳನ್ನು ಮತ್ತೆ ಎಬ್ಬಿಸಿ, ನಿಧಾನಕ್ಕೆ ಹಾಕಿಸಿ, ಬೀರಿಗೆ ನುಗ್ಗಿದೆ. ಗಂಟೆ ಹನ್ನೊಂದು. ಇದೇ ಕೊನೆಯ ಅವಕಾಶ ಎಂಬುದು ಪ್ರತಿ ವಾಕ್ಯಕ್ಕೂ ನೆನಪಾಗುತ್ತಿತ್ತು. ಓದಿ ಬಂದು ಕೇಳಿದರೆ ಪ್ರತಿ ವಾಕ್ಯದ ಕೊನೆಯಲ್ಲೂ ಕೊಳಲು ಊದಿದಂತೆ ಸುಂಯ್. ಭಾಮೈದ ಒಮ್ಮೆ ಲ್ಯಾಪ್‌ಟಾಪನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಬಂದು ನನ್ನ ಮುಖದ ಹತ್ತಿರ ಕಿವಿಯಿಟ್ಟ. ಎರಡೂ ಫೈಲುಗಳನ್ನು ಸೌಂಡಿನವರಿಗೆ ಕಳಿಸಿಬಿಟ್ಟ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಫೋನು ಬಂತು. ಭಾಮೈದ ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದ.

“ಸಾರ್, ಮೊದಲನೇ ಸಲ ಇದ್ದದ್ದು ಕಂಪ್ಯೂಟರ್ ಫ್ಯಾನು. ಆಮೇಲಿಂದೆಲ್ಲ ನಿಮ್ಮ ಮೂಗು,” ಎಂದರು ಸೌಂಡಿನವರು. “ನೀವು ಮಾತಾಡುವಾಗ ಇರಲ್ಲ, ನಿಲ್ಲಿಸಿದ ತಕ್ಷಣ ಶುರುವಾಗುತ್ತೆ. ಲಿಫ್ಟಲ್ಲಿ ಒಬ್ಬರೇ ಹೋಗೋರಿಗೆ ಹಿಂದೆ ಯಾರೋ ನಿಂತು ಉಸಿರಾಡ್ತಿದ್ದಾರೆ ಅನ್ಸುತ್ತೆ ಸಾರ್.”

ನಾನು ನನ್ನವಳ ಕಡೆ ತಿರುಗಿದೆ. ಅವಳು ದಾರ ಕಡಿಯುತ್ತ ತಣ್ಣಗೆ ಹೇಳಿದಳು: “ನಿಮಗೆ ಚಿಂತೆ ಹತ್ತಿದಾಗಲೆಲ್ಲ ಬರುತ್ತೆ. ಮದುವೆ ಆದಾಗಿಂದ ಕೇಳ್ತಿದ್ದೀನಿ. ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಅದಕ್ಕೂ ಚಿಂತೆ ಮಾಡ್ತಿದ್ರಿ. ಇನ್ನೂ ಜೋರಾಗ್ತಿತ್ತು. ನನಗೇನೋ ಅದರಿಂದ ಅನುಕೂಲವೇ ಆಗಿತ್ತು ರೀ. ನೀವು ಬಾಯಿ ಬಿಡೋ ಮೊದಲೇ ಏನೋ ಆಗಿದೆ ಅಂತ ತಿಳೀತಿತ್ತು.”

ಫೋನಿನಲ್ಲಿ ಸೌಂಡಿನವರು ಇನ್ನೂ ಇದ್ದರು. ಆ ಇನ್ನೊಂದು ಧ್ವನಿ ಯಾರದು ಸಾರ್, ಏನೂ ಗಾಬರಿಯಿಲ್ಲದೆ ಎಷ್ಟು ಚೆನ್ನಾಗಿ ಹೇಳ್ತಾರೆ, ಇದನ್ನೇ ಇಟ್ಕೊಳ್ತೀವಿ, ಮುಂದಿನ ತಿಂಗಳು ಇಪ್ಪತ್ತು ಮಹಡಿಯ ಲಿಫ್ಟಿಗೂ ಅವರೇ ಓದಲಿ ಎಂದರು.

ಈಗ ಬೀರು ಅವಳದು. ಲ್ಯಾಪ್‌ಟಾಪು ಪೂರ್ತಿ ವೇಗದಲ್ಲಿ ಹಾಲ್‌ನಲ್ಲಿರುತ್ತದೆ, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಅವಳು ಓದುವ ದಿನ ಮನೆಯಿಂದ ಹೊರಗಿರಬೇಕಾದ ವಸ್ತು ನಾನೊಬ್ಬನೇ. ನಿನ್ನೆಯೂ ಎದುರಿನ ಬೇಕರಿಯ ಬೆಂಚಿನ ಮೇಲೆ ಕೂತಿದ್ದೆ. ಅವಳು ತಪ್ಪು ಓದಿಬಿಟ್ಟರೆ, ಕೆಮ್ಮು ಬಂದರೆ, ಹದಿನೇಳನೆಯ ಮಹಡಿ ಬಿಟ್ಟು ಹೋದರೆ, ಇದೂ ಕೈತಪ್ಪಿದರೆ ಗತಿಯೇನು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯ ಕಿಟಕಿ ತೆರೆಯಿತು. ನನ್ನವಳು ತಲೆ ಹೊರಗೆ ಹಾಕಿದಳು.

“ರೀ, ಚೆನ್ನಾಗೇ ಓದ್ತಿದ್ದೀನಿ, ಏನೂ ಆಗಲ್ಲ. ಆ ತಿರುವಿನ ಆಚೆ ಹೋಗಿ ಕೂತ್ಕೊಳ್ಳಿ. ಇಲ್ಲಿವರೆಗೂ ಕೇಳಿಸ್ತಿದೆ.”